ಕೋಶದ ಲಾಡಿ ಎಳೆಯುವವರು ಯಾರು?

ಚಾಟ್ನಿ ಮುಗಿದು ಚಿಗುರೊಡೆದ ತಿಕೋಟಾದ ದ್ರಾಕ್ಷಿ ಬಳ್ಳಿಯಲ್ಲೂ ಬಬಲೇಶ್ವರದ ಹಟ್ಟಿಯ ಕುರಿಮರಿಯಲ್ಲೂ ಜೀವಕೋಶಗಳು ಎರಡಾಗುತ್ತಲೇ ಇರುತ್ತವೆ. ಆದರೆ ರೀತಿ ಬೇರೆ. ದ್ರಾಕ್ಷಿಯ ಕೋಶ, ಅಣ್ಣತಮ್ಮಂದಿರು ಮನೆ ಪಾಲು ಮಾಡಿಕೊಂಡಂತೆ, ನಡುವೆ ಹೊಸ ಗೋಡೆ ಕಟ್ಟುತ್ತದೆ. ಕುರಿಯ ಕೋಶಕ್ಕೆ ಗೋಡೆಯೇ ಇಲ್ಲ. ಅದು ದುಂಡಗಾಗಿ, ನಡು ಸಣ್ಣದಾಗುತ್ತಾ ಹೋಗಿ ಎರಡಾಗುತ್ತದೆ. ವಿಜಯಪುರದ ಗೋಳಗುಮ್ಮಟದ ದುಂಡನ್ನು ಹೊತ್ತಿರುವುದು ಕೆಳಗಿನ ದಪ್ಪ ಗೋಡೆಗಳು. ಕೋಶದ ದುಂಡನ್ನು ಕಾಯುವುದು ಒಳಗಿನ ಒತ್ತಡ ಮತ್ತು ಹೊರಪದರದ ಬಿಗಿತ. ಹಾಗಾದರೆ ನಡುವನ್ನು ಹಿಸುಕುವವರು ಯಾರು?

1882ರಲ್ಲಿ ಜರ್ಮನಿಯ ವಾಲ್ಟರ್ ಫ್ಲೆಮಿಂಗ್ ವರ್ಣತಂತುಗಳು ಪಾಲಾಗುವುದನ್ನು ಸೊಗಸಾಗಿ ಬರೆದು ತೋರಿಸಿದ. ಆದರೆ ಚಿತ್ರದಲ್ಲಿ ಬಲ ಕಾಣುವುದಿಲ್ಲ. ಬಲ ಹುಡುಕಿದವರು ಪಾರದರ್ಶಕವಾದ ಕಡಲಜೀವಿಗಳ ಮೊಟ್ಟೆ ಹಿಡಿದರು. ಬ್ರಿಟನ್ನಿನ ಮಿಚಿಸನ್ ಮತ್ತು ಸ್ವಾನ್ 1954ರ ಹೊತ್ತಿಗೆ ಮೊಟ್ಟೆಯ ಮೈಯನ್ನು ಗಾಜಿನ ನಳಿಕೆಯಿಂದ ಹೀರಿ ಅದರ ಗಡಸುತನ ಅಳೆದರು. ಜಪಾನಿನ ಹಿರಾಮೊಟೊ 1956ರಲ್ಲಿ ವರ್ಣತಂತು ಎಳೆಯುವ ಕದಿರನ್ನೇ ಹೀರಿ ತೆಗೆದರು. ಮೊಟ್ಟೆ ಆದರೂ ಎರಡಾಯಿತು!

ನನಗೆ ಎಲ್ಲಕ್ಕಿಂತ ಇಷ್ಟವಾಗುವುದು ಅಮೆರಿಕದ ರೇ ರಾಪಪೋರ್ಟ್ 1961ರಲ್ಲಿ ಮಾಡಿದ ಪ್ರಯೋಗ. ದುಬಾರಿ ಯಂತ್ರವಿಲ್ಲ, ಒಂದು ಪುಟ್ಟ ಗಾಜಿನ ಗುಂಡು ಅಷ್ಟೆ. ಅದನ್ನು ಮೊಟ್ಟೆಯ ನಡುವೆ ಒತ್ತಿದರೆ ಕೋಶ ಉದ್ದಿನ ವಡೆಯಂತೆ ತೂತಾಯಿತು. ಮೊದಲ ಸಲ ಒಂದೇ ಕಡೆ ಕತ್ತರಿಸಿ, ಎರಡು ನ್ಯೂಕ್ಲಿಯಸ್ಸಿರುವ ಕುದುರೆ ಲಾಳವಾಯಿತು. ಎರಡನೇ ಸಲ ಎರಡೂ ತೋಳುಗಳು ಕತ್ತರಿಸಿದವು, ಅದು ನಿರೀಕ್ಷಿತವೇ. ಜೊತೆಗೆ ಲಾಳದ ಬಾಗಿನಲ್ಲೂ ಸೀಳು ಬಿತ್ತು! ಅಲ್ಲಿ ವರ್ಣತಂತುವಿಲ್ಲ, ಕದಿರಿಲ್ಲ. ಎರಡು ಬೇರೆ ಕದಿರುಗಳ ತುದಿಯ ನಕ್ಷತ್ರದಂಥ ಎಳೆಗುಚ್ಛಗಳು ಮಾತ್ರ ಎದುರುಬದುರಾಗಿದ್ದವು. ಎಲ್ಲಿ ಹಿಸುಕಬೇಕೆಂದು ಹೇಳುವುದು ಆ ಗುಚ್ಛಗಳು, ಹಿಸುಕುವುದು ಹೊರಪದರವೇ.

ಆ ಪದರದಲ್ಲಿ ಆಕ್ಟಿನ್ ಎಳೆಗಳ ಉಂಗುರವಿರುವುದನ್ನು ಥಾಮಸ್ ಶ್ರೋಡರ್ 1972ರ ವೇಳೆಗೆ ವಿವರವಾಗಿ ತೋರಿಸಿದರು. 1977ರಲ್ಲಿ ಮಾಬುಚಿ ಮತ್ತು ಒಕುನೊ ನಕ್ಷತ್ರಮೀನಿನ ಕೋಶಕ್ಕೆ ಮಯೋಸಿನ್ ತಡೆಯುವ ಪ್ರತಿಕಾಯ ಚುಚ್ಚಿದಾಗ ಕೋಶ ಎರಡಾಗಲಿಲ್ಲ, ನ್ಯೂಕ್ಲಿಯಸ್ ಮಾತ್ರ ಪಾಲಾಯಿತು. ನಮ್ಮ ಸ್ನಾಯು ಎಳೆಯುವ ಜೋಡಿಯೇ ಇದು. ಅಜ್ಜಿಯ ಎಲೆಯಡಿಕೆ ಚಂಚಿಯ ಲಾಡಿ ನೆನಪಿಸಿಕೊಳ್ಳಿ, ಒಂದು ವ್ಯತ್ಯಾಸದೊಂದಿಗೆ: ಕೋಶದ ಲಾಡಿ ಬಿಗಿದಷ್ಟೂ ತನ್ನನ್ನೇ ಬಿಚ್ಚಿಕೊಳ್ಳುತ್ತದೆ, ಹಾಗಾಗಿ ದಪ್ಪವಾಗುವುದಿಲ್ಲ. ಅದು ಬಿಗಿಯದೇ ಹೋದರೆ ಒಂದೇ ಕೋಶದಲ್ಲಿ ಎರಡು ನ್ಯೂಕ್ಲಿಯಸ್ ಉಳಿಯುತ್ತವೆ. ಯಕೃತ್ತಿನಲ್ಲಿ ಇದು ಸಹಜ. ಬೇರೆ ಕೆಲವೆಡೆ ಕ್ಯಾನ್ಸರಿಗೆ ದಾರಿಯಾಗಬಹುದು.