ಸ್ವಿಗ್ಗಿ

ಆನ್‌ಲೈನ್‌ನಲ್ಲಿ ಆರ್ಡರ್ ಪಡೆದು ಊಟ, ತಿಂಡಿ ಮನೆಗೆ ತಲುಪಿಸುವ ಬೆಂಗಳೂರಿನ ಕಂಪನಿ. ಶ್ರೀಹರ್ಷ ಮಜೇಟಿ, ನಂದನ್ ರೆಡ್ಡಿ 2013ರಲ್ಲಿ ಬಂಡಲ್ ಎಂಬ ಕೊರಿಯರ್ ಸೇವೆ ಆರಂಭಿಸಿ ಕೈಬಿಟ್ಟರು. ರಾಹುಲ್ ಜೈಮಿನಿ ಜೊತೆಗೂಡಿದ ಮೇಲೆ 2014ರ ಆಗಸ್ಟ್‌ನಲ್ಲಿ ಕೋರಮಂಗಲದ ಕೆಲವೇ ಹೋಟೆಲುಗಳೊಂದಿಗೆ ಸ್ವಿಗ್ಗಿ ಶುರುವಾಯಿತು. ಅಂದಿನ ಹಲವು ಸೇವೆಗಳು ಆರ್ಡರನ್ನು ಹೋಟೆಲಿಗೆ ದಾಟಿಸಿ ಸುಮ್ಮನಾಗುತ್ತಿದ್ದವು. ತಲುಪಿಸುವ ಹೊಣೆ ಹೋಟೆಲಿನದೇ. ಸ್ವಿಗ್ಗಿ ತನ್ನದೇ ಸವಾರರ ಪಡೆ ಕಟ್ಟಿದ್ದರಿಂದ, ಮನೆಗೆ ಕಳಿಸುವ ಏರ್ಪಾಡೇ ಇಲ್ಲದ ದರ್ಶಿನಿಗಳ ಇಡ್ಲಿ, ದೋಸೆಯೂ ಆ್ಯಪಿಗೆ ಬಂತು. ಬೆಳವಣಿಗೆಯ ಗುಟ್ಟು ಇದೇ, ಭಾರೀ ಖರ್ಚಿನ ಬಾಬ್ತೂ ಇದೇ. ಕಮಿಷನ್ ಹೆಚ್ಚೆಂದು ಹೋಟೆಲಿನವರು, ಸಂಪಾದನೆ ಸಾಲದೆಂದು ಸವಾರರು ಆಗಾಗ ತಕರಾರು ಎತ್ತಿದ್ದಾರೆ. 2020ರಲ್ಲಿ ದಿನಸಿಗಾಗಿ ಇನ್‌ಸ್ಟಾಮಾರ್ಟ್ ಬಂತು. 2024ರ ನವೆಂಬರ್‌ನಲ್ಲಿ ಸುಮಾರು 11,327 ಕೋಟಿ ರೂಪಾಯಿಯ ಐಪಿಒ ಮೂಲಕ ಷೇರುಪೇಟೆ ಪ್ರವೇಶಿಸಿದಾಗಲೂ ಕಂಪನಿ ನಷ್ಟದಲ್ಲೇ ಇತ್ತು.