ಹೊತ್ತಿಗೆ ಬೆಲೆ ಕೊಟ್ಟವರು

ಊರು ಬಿಟ್ಟು ಬಂದ ನಮ್ಮಂಥವರ ಬಾಯಲ್ಲಿ ದಿನಕ್ಕೆ ಹತ್ತು ಸಲ ಬರುವ ಮಾತು ಒಂದುಂಟು: “ಹೊತ್ತೇ ಸಾಲದು.” ನಾಸಿಕದ ಸಾತಪುರ, ಅಂಬಡಗಳಲ್ಲಾಗಲಿ, ಛತ್ರಪತಿ ಸಂಭಾಜಿನಗರದ ಚಿಕಲಠಾಣಾ, ವಾಳೂಜಗಳಲ್ಲಾಗಲಿ, ಪಾಳಿಯ ಕೆಲಸಕ್ಕೆ ಹೋಗಿಬರುವ ಯಜಮಾನನಿಗೆ ಹೊತ್ತಿಲ್ಲ, ಮನೆಯನ್ನೂ ನೌಕರಿಯನ್ನೂ ತೂಗಿಸುವ ಗೃಹಿಣಿಗೆ ಹೊತ್ತಿಲ್ಲ, ಮರಾಠಿ, ಇಂಗ್ಲಿಷುಗಳ ನಡುವೆ ಓಡುವ ಮಕ್ಕಳಿಗಂತೂ ಇಲ್ಲವೇ ಇಲ್ಲ. ಮನೆಯಲ್ಲಿ ಕನ್ನಡ ಅಕ್ಷರ ಕಲಿಸಿರೆಂದರೆ ಬರುವ ಉತ್ತರವೂ ಅದೇ. ಆದ್ದರಿಂದ ಈ ರಾಜ್ಯೋತ್ಸವದ ಸಂಚಿಕೆಯಲ್ಲಿ, ಹೊತ್ತನ್ನು ಹೇಗೆ ಬಳಸಬೇಕೆಂಬ ಪ್ರಶ್ನೆಯನ್ನು ಧರ್ಮದ ಪ್ರಶ್ನೆಯೆಂದೇ ಎಣಿಸಿ ಬಾಳಿದ ಕೆಲವರ ಇತಿಹಾಸವನ್ನು ನೆನೆಯೋಣವೆಂದು ನಮಗೆ ತೋರಿತು. ಅವರು ಕ್ರೈಸ್ತರು. ಅವರಲ್ಲಿ ಇಬ್ಬರು ಈ ನಾಸಿಕದ ನೆಲಕ್ಕೆ ಸೇರಿದವರು. ಒಬ್ಬನು ನಮ್ಮ ಕನ್ನಡಕ್ಕೆ ಸೇರಿದವನು.

ಕ್ರೈಸ್ತ ಶ್ರದ್ಧೆಯಲ್ಲಿ ಹೊತ್ತು ಮನುಷ್ಯನ ಸ್ವಂತ ಆಸ್ತಿಯಲ್ಲ. ಅದು ದೇವರು ಒಪ್ಪಿಸಿಹೋದ ಗಂಟು. ಒಂದು ದಿನ ಅದರ ಲೆಕ್ಕ ಒಪ್ಪಿಸಬೇಕು. ಸಂತ ಪೌಲನ ಹೆಸರಿನಲ್ಲಿ ಎಫೆಸದವರಿಗೆ ಬರೆದ ಪತ್ರಿಕೆಯಲ್ಲಿ ಕಾಲದ ಸದುಪಯೋಗವನ್ನು ಕುರಿತು ಒಂದು ಬುದ್ಧಿವಾದವಿದೆ. ಅಲ್ಲಿ ಬಳಸಿರುವ ಗ್ರೀಕ್ ಪದವು ಪೇಟೆಯಿಂದ ಬಂದದ್ದು. ಬೆಲೆ ಕೊಟ್ಟು ಕೊಂಡುಕೊಳ್ಳುವುದು, ಬಿಡಿಸಿಕೊಳ್ಳುವುದು ಎಂಬ ಭಾವ ಅದಕ್ಕಿದೆ. ಹೊತ್ತು ಬಿಟ್ಟಿಯಾಗಿ ಸಿಗುವುದಿಲ್ಲ, ಅದನ್ನು ಕೊಳ್ಳಬೇಕು ಎಂದಾಯಿತು. ಹಾಗಾದರೆ ಯಾರು ಯಾವ ಬೆಲೆ ಕೊಟ್ಟರು ಎಂಬುದನ್ನು ನೋಡೋಣ.

ನಾಸಿಕದಲ್ಲಿರುವ ನಾವೆಲ್ಲರೂ ಶರಣಪುರ ರಸ್ತೆಯಲ್ಲಿ ಓಡಾಡಿದವರೇ. ಶರಣರ ಹೆಸರನ್ನು ಕೇಳಿ ಬೆಳೆದ ಕನ್ನಡಿಗನ ಕಿವಿಗೆ ಆ ಹೆಸರು ತಟ್ಟನೆ ಹಿತವೆನಿಸುತ್ತದೆ. ಆದರೆ ಇಲ್ಲಿ ಅದರ ಅರ್ಥ ಆಶ್ರಯದ ಊರು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಚರ್ಚ್ ಮಿಷನರಿ ಸೊಸೈಟಿಯ ವಿಲಿಯಂ ಸಾಲ್ಟರ್ ಪ್ರೈಸ್ ಎಂಬ ಪಾದ್ರಿ ಇಲ್ಲಿ ಒಂದು ಕ್ರೈಸ್ತ ವಸತಿಯನ್ನು ಕಟ್ಟಿದನು. ಆ ಕಾಲದಲ್ಲಿ ಆಫ್ರಿಕದ ಮಕ್ಕಳನ್ನು ಹಿಡಿದು ಮಾರುವ ಹಡಗುಗಳು ಸಮುದ್ರದಲ್ಲಿ ತಿರುಗುತ್ತಿದ್ದವು. ಬ್ರಿಟಿಷ್ ನೌಕೆಗಳು ಬಿಡಿಸಿ ತಂದ ಅಂಥ ಮಕ್ಕಳಲ್ಲಿ ಅನೇಕರು ಮುಂಬಯಿಯ ದಾರಿಯಾಗಿ ಶರಣಪುರಕ್ಕೆ ಬಂದರು. ಅವರಿಗೆ ಅಲ್ಲಿ ಓದುಬರಹವನ್ನೂ, ಅದರೊಡನೆ ಬಡಗಿ, ಕಮ್ಮಾರ ಮೊದಲಾದ ಕೈಕೆಲಸಗಳನ್ನೂ ಕಲಿಸಿದರು. ತನ್ನ ದಿನವನ್ನೆಲ್ಲ ಇನ್ನೊಬ್ಬನು ಮಾರಿಕೊಂಡಿದ್ದ ಮಗುವಿಗೆ, ತನ್ನದೇ ಆದ ಹೊತ್ತು ಎಂಬುದು ಮೊದಲ ಬಾರಿಗೆ ಕೈಸೇರಿದ್ದು ಇಲ್ಲಿ.

ಅವರಲ್ಲಿ ಒಬ್ಬನು ಜೇಕಬ್ ವೇನ್‌ರೈಟ್. ನಾಸಿಕದಲ್ಲಿ ಕಲಿತ ಈತನು ಆಫ್ರಿಕಕ್ಕೆ ಮರಳಿ, ಡೇವಿಡ್ ಲಿವಿಂಗ್‌ಸ್ಟನ್ ಎಂಬ ಪ್ರಸಿದ್ಧ ಪಾದ್ರಿ ಮತ್ತು ಪ್ರವಾಸಿಯ ತಂಡವನ್ನು ಸೇರಿದನು. 1873ರಲ್ಲಿ ಲಿವಿಂಗ್‌ಸ್ಟನ್ ಕಾಡಿನ ನಡುವೆ ತೀರಿಕೊಂಡಾಗ, ಅವನ ಹೃದಯವನ್ನು ಅಲ್ಲಿಯೇ ಒಂದು ಮರದಡಿ ಹೂಳಿದರು. ಅಂತ್ಯಕ್ರಿಯೆಯ ಪ್ರಾರ್ಥನೆಯನ್ನು ಓದಿದವನೂ, ಮರದ ಮೇಲೆ ಅವನ ಹೆಸರನ್ನು ಕೆತ್ತಿದವನೂ ವೇನ್‌ರೈಟನೇ. ಬಳಿಕ ಆ ಸೇವಕರು ದೇಹವನ್ನು ಹೊತ್ತುಕೊಂಡು ಸಾವಿರ ಮೈಲಿಗೂ ಮಿಕ್ಕಿ ತಿಂಗಳುಗಟ್ಟಲೆ ನಡೆದು ಸಮುದ್ರತೀರ ಸೇರಿದರು. ಆ ಪಯಣದ ದಿನಚರಿಯನ್ನು ವೇನ್‌ರೈಟ್ ಬರೆದಿಟ್ಟನು. 1874ರ ಏಪ್ರಿಲ್ 18ರಂದು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಸಮಾಧಿ ನಡೆದಾಗ ಶವಪೆಟ್ಟಿಗೆಯೊಡನೆ ನಡೆದವರಲ್ಲಿ ಅವನೂ ಇದ್ದನು. ದಿನವಿಡೀ ನಡೆದು ದಣಿದ ಮೈ ನಿದ್ರೆಯನ್ನು ಬೇಡುವಾಗ ನಾಲ್ಕು ಸಾಲು ಬರೆಯುವುದೆಂದರೇನೆಂಬುದನ್ನು, ರಾತ್ರಿ ಪಾಳಿ ಮುಗಿಸಿ ಮನೆಗೆ ಬರುವ ನಮ್ಮವರು ಬಲ್ಲರು.

ಎರಡನೆಯವರು ಲಕ್ಷ್ಮೀಬಾಯಿ ಟಿಳಕ್. ನಾಸಿಕದ ಸಮೀಪದ ಜಲಾಲಪುರದಲ್ಲಿ 1868ರಲ್ಲಿ ಹುಟ್ಟಿದ ಈ ತಾಯಿ ಶಾಲೆಯ ಮೆಟ್ಟಿಲನ್ನು ಹತ್ತಿದವರಲ್ಲ. ಮದುವೆಯಾದ ಮೇಲೆ ಅಕ್ಷರ ಕಲಿತವರು. ಪತಿ ನಾರಾಯಣ ವಾಮನ ಟಿಳಕರು 1895ರಲ್ಲಿ ಕ್ರೈಸ್ತರಾದಾಗ ಸಂಸಾರ ಎರಡಾಗಿ ಒಡೆಯಿತು. ಕೆಲವು ವರ್ಷಗಳ ಅಗಲಿಕೆಯ ಬಳಿಕ ಲಕ್ಷ್ಮೀಬಾಯಿಯವರೂ ಆ ಮತವನ್ನು ಸ್ವೀಕರಿಸಿದರು. ಟಿಳಕರು ಕ್ರಿಸ್ತನ ಚರಿತ್ರೆಯನ್ನು ‘ಖ್ರಿಸ್ತಾಯನ’ವೆಂಬ ಮರಾಠಿ ಕಾವ್ಯವಾಗಿ ಬರೆಯತೊಡಗಿ, ಹತ್ತೂವರೆ ಅಧ್ಯಾಯಗಳಾಗುವಷ್ಟರಲ್ಲಿ 1919ರಲ್ಲಿ ತೀರಿಕೊಂಡರು. ಅದನ್ನು ಮುಂದುವರಿಸಿ ಮುಗಿಸಿದವರು, ಶಾಲೆಯನ್ನೇ ಕಾಣದ ಈ ಹೆಂಡತಿ. 1934ರಿಂದ ಬೆಳಕು ಕಂಡ ಅವರ ಆತ್ಮಕಥೆ ‘ಸ್ಮೃತಿಚಿತ್ರೆ’ ಇಂದಿಗೂ ಮರಾಠಿಗರ ಮನೆಮನೆಯ ಪುಸ್ತಕ. ಒಲೆ, ಮಕ್ಕಳು, ಬಡವರ ಆರೈಕೆ, ಇವುಗಳ ಸಂದಿಯಲ್ಲಿ ಉಳಿದ ಹೊತ್ತನ್ನು ಒಟ್ಟುಗೂಡಿಸಿದವರ ಕೃತಿ ಅದು. ಹನಿಗೂಡಿದರೆ ಹಳ್ಳವೆಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

ಈಗ ನಮ್ಮ ನಾಡಿನ ಕಡೆಗೆ ಬರೋಣ. ಮರಾಠಿಗೆ ಖ್ರಿಸ್ತಾಯನ ಬರುವುದಕ್ಕೆ ಎಷ್ಟೋ ಮೊದಲೇ, 1862ರಲ್ಲಿ, ಕ್ರಿಸ್ತನ ಕಥೆಯನ್ನು ಕನ್ನಡದ ಛಂದಸ್ಸಿನಲ್ಲಿ ‘ಕಥಾಮಾಲೆ’ಯೆಂದು ಹಾಡಿದ ಒಬ್ಬ ಜರ್ಮನ್ ಪಾದ್ರಿಯಿದ್ದನು. ಅವನೇ ಫರ್ಡಿನೆಂಡ್ ಕಿಟ್ಟೆಲ್. 1853ರಲ್ಲಿ ಬಾಸೆಲ್ ಮಿಷನ್ನಿನಿಂದ ಬಂದ ಈತನು ಧಾರವಾಡ, ಮಡಿಕೇರಿ, ಮಂಗಳೂರುಗಳಲ್ಲಿ ನೆಲಸಿ ದುಡಿದನು. ಬಾಸೆಲ್ ಮಿಷನ್ ಗಂಟೆಯ ಶಿಸ್ತಿಗೆ ಹೆಸರಾದದ್ದು. ಮಂಗಳೂರಿನಲ್ಲಿ ಅದರ ಮುದ್ರಣಾಲಯ, ನೇಯ್ಗೆಯ ಕಾರ್ಖಾನೆ, 1865ರಲ್ಲಿ ಆರಂಭವಾದ ಹಂಚಿನ ಕಾರ್ಖಾನೆ ಇವೆಲ್ಲ ಗಂಟೆಯ ಸದ್ದಿಗೆ ನಡೆದವು. ಮತಾಂತರದಿಂದ ಕುಲವೃತ್ತಿಯನ್ನು ಕಳೆದುಕೊಂಡವರಿಗೆ ಅಲ್ಲಿ ಕೂಲಿ ಸಿಕ್ಕಿತು. ಆದರೆ ಮಳೆ ಬಿಸಿಲುಗಳನ್ನು ನೋಡಿ ದುಡಿಯುತ್ತಿದ್ದ ಜನಕ್ಕೆ ಗಂಟೆಯ ಆಳ್ವಿಕೆ ಹಿತವೆನಿಸಿರಲಾರದು. ಅದೇ ಶಿಸ್ತಿನಲ್ಲಿ ಭಾನುವಾರದ ವಿಶ್ರಾಂತಿಯೂ ಇತ್ತೆಂಬುದನ್ನು ಮರೆಯಬಾರದು. ದುಡಿಮೆಯಷ್ಟೇ ಬಿಡುವೂ ದೇವರ ಆಜ್ಞೆಯೆಂಬುದು ಅವರ ಎಣಿಕೆ.

ಆದರೆ ಕಿಟ್ಟೆಲನಿಗೆ ಎದುರಾದದ್ದು ಸೋಮಾರಿತನದ ಪ್ರಶ್ನೆಯಲ್ಲ, ಅದಕ್ಕಿಂತ ಕಠಿನವಾದದ್ದು. ಸುವಾರ್ತೆ ಸಾರಲೆಂದು ಬಂದವನು ಹಳಗನ್ನಡದ ಓಲೆಗರಿಗಳಲ್ಲಿ ಹೊತ್ತು ಕಳೆಯಬಹುದೆ? ಮಿಷನ್ನಿನ ಹಿರಿಯರಲ್ಲಿ ಹಲವರಿಗೆ ಇದು ಸರಿಯೆನಿಸಲಿಲ್ಲ. ಜನರ ನುಡಿಯನ್ನು ಆಳವಾಗಿ ಅರಿಯದವನು ಅವರೊಡನೆ ಏನು ಮಾತಾಡಿಯಾನು ಎಂಬುದು ಕಿಟ್ಟೆಲನ ನಿಲುವು. ಅಸಮಾಧಾನವನ್ನು ಸಹಿಸಿಕೊಂಡೇ 1872ರಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನೂ, 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನೂ ಅಚ್ಚುಮಾಡಿಸಿದನು. ಕಡೆಗೆ 1894ರಲ್ಲಿ ಮಂಗಳೂರಿನಲ್ಲಿ ಹೊರಬಂದಿತು ಸುಮಾರು 70,000 ಪದಗಳ ಕನ್ನಡ–ಇಂಗ್ಲಿಷ್ ನಿಘಂಟು. ಒಂದು ದಿನವನ್ನೂ ಬಿಡದೆ ದಿನಕ್ಕೆ ಹತ್ತು ಪದವೆಂದರೂ ಅಷ್ಟಕ್ಕೆ ಹತ್ತೊಂಬತ್ತು ವರ್ಷ ಬೇಕು! ಅದರಲ್ಲಿ ಕವಿಗಳ ಪದಗಳಿವೆ, ಹಳ್ಳಿಯ ಗಾದೆಗಳಿವೆ, ನಮ್ಮ ಅಜ್ಜಿಯರು ಅಡಿಗೆಮನೆಯಲ್ಲಿ ಆಡುತ್ತಿದ್ದ ಮಾತುಗಳಿವೆ. ಅದಕ್ಕಾಗಿ ಅವನು ತೆತ್ತ ಬೆಲೆಯಲ್ಲಿ ಕಣ್ಣಿನ ಬೆಳಕೂ ಸೇರಿತ್ತು. 1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯ ಅವನಿಗೆ ಗೌರವ ಡಾಕ್ಟರೇಟ್ ನೀಡಿತು. 1903ರಲ್ಲಿ ಅವನು ಕಣ್ಮುಚ್ಚಿದನು. ಅವನ ಹೊತ್ತು ವ್ಯರ್ಥವಾಯಿತೆಂದು ಇಂದು ಯಾರೂ ಹೇಳರು.

ಇವರ ಕಥೆ ನಮಗೇಕೆ? 1956ರ ನವೆಂಬರ್ 1ರವರೆಗೆ ಔರಂಗಾಬಾದ್, ಬೀದರ, ಗುಲ್ಬರ್ಗ, ರಾಯಚೂರುಗಳು ಹೈದರಾಬಾದ್ ಎಂಬ ಒಂದೇ ರಾಜ್ಯದಲ್ಲಿದ್ದವು. ಅಂದು ಮರಾಠವಾಡ ಮುಂಬಯಿ ರಾಜ್ಯಕ್ಕೂ, ನಮ್ಮ ಜಿಲ್ಲೆಗಳು ಮೈಸೂರಿಗೂ ಸೇರಿದವು. 1964ರಲ್ಲಿ ನಾಸಿಕದ ಬಳಿಯ ಓಝರಿನಲ್ಲಿ ವಿಮಾನ ಕಾರ್ಖಾನೆ ಸ್ಥಾಪಿತವಾಯಿತು, ಬೆಂಗಳೂರಿನ ಎಚ್.ಎ.ಎಲ್. ಸಂಸ್ಥೆಯದೇ ಅದು. ಗಡಿಗಳನ್ನು ಸರಕಾರಗಳು ಬರೆದವು. ಹೊಟ್ಟೆಪಾಡು ನಮ್ಮನ್ನು ಇಲ್ಲಿ ನೆಲೆಗೊಳಿಸಿತು. ಆದರೆ ಮನೆಯೊಳಗಿನ ಕನ್ನಡವನ್ನು ಉಳಿಸುವ ಕೆಲಸ ಯಾವ ಸರಕಾರದ್ದೂ ಅಲ್ಲ, ನಮ್ಮದು. ಮಗಳು ಅಜ್ಜಿಯ ಕಾಗದವನ್ನು ಓದಲಾರದೆ ಹೋದರೆ ಆ ನಷ್ಟವನ್ನು ಯಾವ ಸಂಘವೂ ತುಂಬಿಕೊಡಲಾರದು.

ದಿನಕ್ಕೆ ಕಾಲು ಗಂಟೆ ಎಂದರೆ ವರ್ಷಕ್ಕೆ ತೊಂಬತ್ತೊಂದು ಗಂಟೆ. ರಾತ್ರಿ ಊಟವಾದ ಮೇಲೆ ಅಷ್ಟು ಹೊತ್ತು ಮನೆಮಂದಿ ಕೂಡಿ ಕನ್ನಡ ಓದೋಣ. ಕ್ರೈಸ್ತರ ಮನೆಯಲ್ಲಿ ಅದು ಬೈಬಲ್ಲಿನ ಒಂದು ಅಧ್ಯಾಯವಾಗಲಿ, ಇತರರ ಮನೆಯಲ್ಲಿ ವಚನವೋ, ದಾಸರ ಪದವೋ, ಪತ್ರಿಕೆಯ ಒಂದು ಪುಟವೋ ಆಗಲಿ. ಆ ಕಾಲು ಗಂಟೆಯೂ ಬಿಟ್ಟಿಯಾಗಿ ಸಿಗದು. ದೂರದರ್ಶನದಿಂದಲೋ, ಕೈಯಲ್ಲಿನ ಮೊಬೈಲಿನಿಂದಲೋ ಅದನ್ನು ಬಿಡಿಸಿಕೊಳ್ಳಬೇಕು. ಕಿಟ್ಟೆಲ್ ಕಣ್ಣು ಸವೆಸಿ ಕೂಡಿಟ್ಟ ಮಾತುಗಳನ್ನು ನಮ್ಮ ಮಕ್ಕಳ ನಾಲಗೆಯ ಮೇಲೆ ಉಳಿಸಲು ನಾವು ತೆರಬೇಕಾದ ಬೆಲೆ ಇಷ್ಟೇ. ಮುಂದಿನ ರಾಜ್ಯೋತ್ಸವದಲ್ಲಿ ಕಲೆತಾಗ ಆ ತೊಂಬತ್ತೊಂದು ಗಂಟೆಗಳ ಲೆಕ್ಕವನ್ನು ಒಬ್ಬರಿಗೊಬ್ಬರು ಒಪ್ಪಿಸೋಣ.