ಮರುಗುವುದೋ, ಮರಳುವುದೋ

ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲಿ ಬರುವ ‘ಮೆಟನೋಯ’ ಎಂಬ ಪದವನ್ನು ಬಿಡಿಸಿದರೆ ಮನಸ್ಸು ಮಾರ್ಪಡುವುದು ಎಂದಾಗುತ್ತದೆ. ಅದರ ಬೆನ್ನಿಗೆ ಹೀಬ್ರೂ ಪ್ರವಾದಿಗಳ ‘ಶೂವ್’ ಇದೆ: ತಪ್ಪಿದ ದಾರಿಯಿಂದ ಹಿಂದಿರುಗುವುದು. ಕನ್ನಡ ಕ್ರೈಸ್ತರಲ್ಲಿ ಇದಕ್ಕೆ ‘ಪಶ್ಚಾತ್ತಾಪ’, ‘ಮಾನಸಾಂತರ’, ‘ದೇವರ ಕಡೆಗೆ ತಿರುಗಿಕೊಳ್ಳುವುದು’ ಎಂಬ ಮೂರೂ ಬಳಕೆಯಲ್ಲಿವೆ. ಮೊದಲನೆಯದು ಆದದ್ದಕ್ಕೆ ಮರುಗುತ್ತದೆ, ಉಳಿದೆರಡು ಮರಳುತ್ತವೆ. ಯೇಸುವನ್ನು ಹಿಡಿದುಕೊಟ್ಟ ಯೂದನೂ ಮರುಗಿದವನೇ. ಆದರೆ ಮತ್ತಾಯನ ಸುವಾರ್ತೆ ಅವನಿಗೆ ಬೇರೆಯೇ ಕ್ರಿಯಾಪದವನ್ನು ಬಳಸುತ್ತದೆ. ಅವನದು ಸಂಕಟ, ಮೆಟನೋಯ ಅಲ್ಲ.

ಲ್ಯಾಟಿನ್ನಿಗೆ ಹೋದಾಗ ಪದದ ಪಾಡು ಬದಲಾಯಿತು. ಅಲ್ಲಿನ ‘ಪೆನಿಟೆನ್ಷಿಯ’ಕ್ಕೆ ವಿಷಾದವೆಂಬ ಅರ್ಥವಿತ್ತು, ಬರಬರುತ್ತ ಗುರುಗಳು ವಿಧಿಸುವ ಪ್ರಾಯಶ್ಚಿತ್ತವೂ ಅದರೊಳಗೆ ಸೇರಿತು. 1516ರಲ್ಲಿ ಎರಾಸ್ಮಸ್ ಗ್ರೀಕ್ ಪಾಠವನ್ನು ಅಚ್ಚು ಹಾಕಿಸಿದ ಮೇಲೆ ವಿದ್ವಾಂಸರು ಮೂಲಕ್ಕೆ ಕಣ್ಣು ಹಾಯಿಸಿದರು. ಮರುವರ್ಷ ಲೂಥರ್ ಮಂಡಿಸಿದ 95 ವಾದಗಳಲ್ಲಿ ಮೊದಲೆರಡೂ ಈ ಪದದ ಬಗ್ಗೆಯೇ: ವಿಶ್ವಾಸಿಯ ಇಡೀ ಬದುಕೇ ಮಾನಸಾಂತರವಾಗಬೇಕು, ಅದು ಬರೀ ಒಂದು ವಿಧಿಯಲ್ಲ.

ಮಾನಸಾಂತರದ ಜೊತೆಗೇ ಬರುವ ದೀಕ್ಷಾಸ್ನಾನದ ಪದಕ್ಕೆ ಇಷ್ಟು ಗೊಂದಲವಿಲ್ಲ. ‘ಬ್ಯಾಪ್ಟಿಜೋ’ ಎಂದರೆ ಅದ್ದುವುದು, ಮುಳುಗಿಸುವುದು. ಹಡಗು ಮುಳುಗುವುದಕ್ಕೂ ಗ್ರೀಕರು ಅದನ್ನೇ ಬಳಸುತ್ತಿದ್ದರು. ಯೋರ್ದನ್ ಹೊಳೆಯಲ್ಲಿ ಯೋಹಾನನು ಕೊಟ್ಟದ್ದು ಮಾನಸಾಂತರದ ಸ್ನಾನ. ಎರಡು ಪದಗಳೂ ಅಲ್ಲೇ ಜೊತೆಯಾದವು. ಪೆಂಟೆಕೋಸ್ಟ್ ದಿನ, ಏನು ಮಾಡಬೇಕೆಂದು ಕೇಳಿದ ಜನರಿಗೆ ಪೇತ್ರನು ಹೇಳಿದ್ದೂ ಇವೆರಡನ್ನೇ: ಮನಸ್ಸು ತಿರುಗಿಸಿಕೊಳ್ಳಿ, ಪಾಪಕ್ಷಮೆಗಾಗಿ ಸ್ನಾನ ಪಡೆಯಿರಿ.

ಈ ‘ಗಾಗಿ’ಯ ಸುತ್ತ ಜಗಳ ಇನ್ನೂ ಮುಗಿದಿಲ್ಲ. ಅಲ್ಲಿರುವ ಗ್ರೀಕಿನ ಪುಟ್ಟ ಪದ ‘ಎಯ್ಸ್’. ಕ್ಷಮೆ ಸಿಗಲೆಂದು ಸ್ನಾನ ಎಂಬುದು ಹೆಚ್ಚಿನವರ ಓದು. ಕ್ಷಮೆ ಆಗಲೇ ಸಿಕ್ಕಿದ್ದರಿಂದ ಸ್ನಾನ ಎಂಬುದು ಕೆಲವು ಬ್ಯಾಪ್ಟಿಸ್ಟ್ ಪಂಡಿತರದು. ಎರಡನೆಯದು ವ್ಯಾಕರಣವನ್ನು ತುಸು ಹೆಚ್ಚೇ ಎಳೆಯುತ್ತದೆ. ಆದರೂ ಅವರ ಕೈ ಬರಿದಲ್ಲ: ಶಿಲುಬೆಯ ಮೇಲಿನ ಕಳ್ಳನಿಗೆ ಸ್ನಾನವಿಲ್ಲದೆಯೇ ಪರದೈಸಿನ ಮಾತು ಸಿಕ್ಕಿತು, ರೋಮನ್ ಶತಾಧಿಪತಿ ಕೊರ್ನೇಲ್ಯನ ಮನೆಯವರಿಗೆ ಪವಿತ್ರಾತ್ಮ ಮೊದಲು ಬಂದು ನೀರು ಆಮೇಲೆ ಬಂತು. ರಕ್ಷಣೆ ನಂಬಿಕೆಯ ಮೂಲಕ ಬರುವ ದಾನ, ಕ್ರಿಯೆಗಳ ಫಲವಲ್ಲ ಎಂದು ಎಫೆಸದವರಿಗೆ ಬರೆದ ಪತ್ರ ಹೇಳುತ್ತದೆ. ಆದರೆ ರೋಮಾಪುರದವರಿಗೆ ಬರೆಯುವಾಗ ಪೌಲನು ಸ್ನಾನವನ್ನು ಕ್ರಿಸ್ತನೊಂದಿಗೆ ಹೂಳಲ್ಪಡುವುದೆನ್ನುತ್ತಾನೆ; ಸ್ನಾನ ಬರೀ ಗುರುತಾಗಿದ್ದರೆ ಇಷ್ಟು ಭಾರದ ಮಾತು ಬೇಕಿರಲಿಲ್ಲ.

ಕಥೋಲಿಕ, ಆರ್ಥೊಡಾಕ್ಸ್, ಲೂಥರನ್ ಸಭೆಗಳಿಗೆ ಸ್ನಾನ ದೇವರ ಕೆಲಸ. ಆದ್ದರಿಂದ ಶಿಶುವಿಗೂ ಸಲ್ಲುತ್ತದೆ. ನೀರು ಸಿಗದೆ ಸತ್ತವನ ಬಯಕೆಯೂ ಸಾಕೆಂದು ಕಥೋಲಿಕರ ಟ್ರೆಂಟ್ ಮಹಾಸಭೆ 1547ರಲ್ಲಿ ಒಪ್ಪಿತು. ಮನಸ್ಸು ತಿರುಗದ ಕೂಸಿಗೆ ಸ್ನಾನವೇನು ಎಂದು ಕೇಳಿದ ಜೂರಿಕ್ಕಿನ ಗುಂಪು 1525ರಲ್ಲಿ ವಯಸ್ಕರಿಗೆ ಮತ್ತೆ ಸ್ನಾನ ಕೊಡಲಾರಂಭಿಸಿತು. ಎರಡು ವರ್ಷದೊಳಗೆ ಅವರಲ್ಲೊಬ್ಬನಾದ ಫೆಲಿಕ್ಸ್ ಮಾಂಜ್‌ನನ್ನು ನಗರಾಡಳಿತ ಲಿಮ್ಮಾಟ್ ನದಿಯಲ್ಲಿ ಮುಳುಗಿಸಿ ಕೊಂದಿತು.

ಕನ್ನಡದಲ್ಲಿ ಪ್ರೊಟೆಸ್ಟೆಂಟರು ‘ದೀಕ್ಷಾಸ್ನಾನ’ ಎಂದರೆ ಕಥೋಲಿಕರು ‘ಜ್ಞಾನಸ್ನಾನ’, ‘ಸ್ನಾನದೀಕ್ಷೆ’ ಎನ್ನುತ್ತಾರೆ. ಶಿಶುಸ್ನಾನ ಇರುವ ಸಭೆಗಳಲ್ಲಿ ಮಗುವಿನ ಪರವಾಗಿ ತಂದೆತಾಯಿ, ಜ್ಞಾನಪೋಷಕರು ಉತ್ತರ ಕೊಡುತ್ತಾರೆ; ಆ ಮಾತನ್ನು ಮಗು ಬೆಳೆದ ಮೇಲೆ ತನ್ನದಾಗಿಸಿಕೊಳ್ಳಲು ಅನೇಕ ಸಭೆಗಳಲ್ಲಿ ದೃಢೀಕರಣದ ವಿಧಿ ಉಂಟು.